ಟ್ಯಾಂಕಿನ ಹಿಂದಿನ ಬಿಳಿ ಕುಂಡ

ನಮ್ಮ ಮನೆಯಲ್ಲಿ ಹಿಡಿಕೆ ಮುರಿದ ಪಾತ್ರೆಗೆ ನೆಮ್ಮದಿಯ ಸಾವಿಲ್ಲ. ಗುಜರಿಯವನ ಗಾಡಿ ಗೋಕಾಕದ ನಮ್ಮ ಓಣಿಗೆ ಬರುವುದರೊಳಗೆ ನಾನು ಅದನ್ನು ಮಾಳಿಗೆಗೆ ಹೊತ್ತೊಯ್ದಿರುತ್ತೇನೆ. ತಳಕ್ಕೆ ಮೊಳೆ ಬಡಿದು ಮೂರು ತೂತು, ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ಮಣ್ಣು. ಮುಗಿಯಿತು, ಪಾತ್ರೆಗೆ ಮತ್ತೆ ನೌಕರಿ. ಅವ್ವನ ಹಳೆಯ ಕುಕ್ಕರಿನಲ್ಲಿ ಈಗ ಕೊತ್ತಂಬರಿ ಇದೆ. ಎಣ್ಣೆಯ ಡಬ್ಬಿಗಳಲ್ಲಿ ಬದನೆ ಇದೆ. ಮೆಣಸಿನ ಸಸಿಗಳೆಲ್ಲ ಹುಟ್ಟಿದ್ದು ಕರದಂಟಿನ ಖಾಲಿ ಡಬ್ಬಿಗಳಲ್ಲಿ. ಗೋಕಾಕದವರ ಮನೆಯಲ್ಲಿ ಕರದಂಟು ಇರುತ್ತದೋ ಇಲ್ಲವೋ, ಅದರ ಡಬ್ಬಿ ಮಾತ್ರ ಇದ್ದೇ ಇರುತ್ತದೆ.

ಅಪ್ಪನ ಹಳೆಯ ಹೆಲ್ಮೆಟ್ಟಿನಲ್ಲಿ ಮೆಂತ್ಯೆ ಹಾಕಿದ್ದೆ. ಹದಿನೈದೇ ದಿನಕ್ಕೆ ಅಪ್ಪನ ತಲೆಗಿಂತ ಹೆಲ್ಮೆಟ್ಟಿಗೇ ಹೆಚ್ಚು ಕೂದಲು ಬಂತು. ಹೊಸ ಹೆಲ್ಮೆಟ್ ಎಲ್ಲೋ ಮರೆತು ಬಂದ ಒಂದು ದಿನ, ಸರ್ಕಲ್ಲಿನಲ್ಲಿ ಪೊಲೀಸರು ನಿಂತಿದ್ದಾರೆ ಎಂದು ಕೇಳಿ, ಅಪ್ಪ ಅದನ್ನೇ ಬೋರಲು ಹಾಕಿ ಕೊಡವಿ ತಲೆಗೇರಿಸಿಕೊಂಡು ಹೋದ. ಸಂಜೆ ತಿರುಗಿ ಬಂದಾಗ ಕಿವಿಯ ಹಿಂದೆ ಎರಡು ಎಸಳು ಮೆಂತ್ಯೆ ಇನ್ನೂ ಹಸಿರಾಗಿತ್ತು. ಅವ್ವ ಅದನ್ನೇ ಕಿತ್ತು ಬೇಳೆಗೆ ಹಾಕಿದಳು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಾಕಲಿಲ್ಲ. ಆದರೆ ಹಾಕಬಹುದಿತ್ತು.

ನಾನು ತಪ್ಪು ಮಾಡದೇ ಕಲಿತವನಲ್ಲ. ಚಹಾ ಸೋಸಿದ ಪುಡಿ ಗುಲಾಬಿಗೆ ಒಳ್ಳೆಯದೆಂದು ಎಲ್ಲೋ ನೋಡಿದ್ದೆ. ನಮ್ಮ ಮನೆಯ ಚಹಾ ಎಂದರೆ ಸಕ್ಕರೆ ಕಾರ್ಖಾನೆಗೆ ಬಾಗಿಲಿಟ್ಟ ಹಾಗೆ. ಪುಡಿಯನ್ನು ನೀರಿನಲ್ಲಿ ತೊಳೆದು ಹಾಕಬೇಕೆಂಬುದು ಗೊತ್ತಾಗುವಷ್ಟರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಇರುವೆಗಳು ನಮ್ಮ ಮಾಳಿಗೆಯ ಮೇಲೆ ಸಭೆ ಸೇರಿದ್ದವು. ಆಮೇಲೆ ಅಕ್ಕಿ ತೊಳೆದ ನೀರಿಗೆ ಇಳಿದೆ. ಹುಳಿ ಮಜ್ಜಿಗೆಗೆ ನೀರು ಬೆರೆಸಿ ಎಲೆಗೆ ಸಿಂಪಡಿಸಿದೆ. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ನೀರು ತುಂಬಿ, ಬೇರಿನ ಹತ್ತಿರ ತಲೆಕೆಳಗಾಗಿ ಹುಗಿದೆ. ಊರಿಗೆ ಹೋದರೂ ಎರಡು ದಿನ ಗಿಡ ಬಾಡಲಿಲ್ಲ. ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿ ಹಾಕುತ್ತಿದ್ದೆ. ಒಂದೊಂದನ್ನು ಇನ್ನೂರು ಸಲ ನೋಡಿರುತ್ತಿದ್ದರು. ಅದರಲ್ಲಿ ನೂರೆಂಬತ್ತು ಸಲ ನೋಡಿದವನು ನಾನೇ.

ಇನ್ನು ಕಮೋಡಿನ ವಿಷಯ. ಹೇಳದೆ ಮುಂದೆ ಹೋಗಲು ಆಗುವುದಿಲ್ಲ.

ಹೋದ ವರ್ಷ ಅಪ್ಪ ಹಿತ್ತಲಿನಲ್ಲಿ ಹೊಸ ಬಚ್ಚಲು ಕಟ್ಟಿಸಿದ. ಅದಕ್ಕೆಂದು ತಂದ ಕಮೋಡನ್ನು ಟೆಂಪೋದಿಂದ ಇಳಿಸುವಾಗಲೇ ಗೌಂಡಿ ಕೈಬಿಟ್ಟ. ತಳದ ಒಂದು ತುಂಡು ಹಾರಿಹೋಯಿತು. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ, ಅಪ್ಪ ಬೇರೆ ತಂದ. ಒಡೆದದ್ದನ್ನು ನಾನು ಮೂವರು ಗೆಳೆಯರಿಗೆ ಕರದಂಟಿನ ಆಸೆ ತೋರಿಸಿ ಮಾಳಿಗೆಗೆ ಏರಿಸಿದೆ. ಅದರಷ್ಟು ಯೋಗ್ಯವಾದ ಕುಂಡ ಇನ್ನೊಂದಿಲ್ಲ. ಆಳ ಇದೆ, ಬಿಸಿಲಿಗೆ ಸೀಳುವುದಿಲ್ಲ, ನೀರು ಹರಿದುಹೋಗಲು ತೂತು ಕಂಪನಿಯವರೇ ಕೊಟ್ಟಿದ್ದಾರೆ. ಅಡುಗೆಮನೆಯ ಸಿಪ್ಪೆ ಕೊಳೆತು ಆದ ಗೊಬ್ಬರವನ್ನೆಲ್ಲ ಅದಕ್ಕೇ ಸುರಿದೆ. ಟೊಮ್ಯಾಟೊ ಹಾಕಿದಾಗ ಕ್ರಿಕೆಟ್ ಚೆಂಡಿನಷ್ಟು ದಪ್ಪ ಹಣ್ಣು ಬಂದವು. ಮನೆಯಲ್ಲಿ ಒಬ್ಬರೂ ತಿನ್ನಲಿಲ್ಲ. ಅದರ ಮೇಲೆ ಇವತ್ತಿನವರೆಗೂ ಯಾರೂ ಕುಳಿತಿಲ್ಲ, ನೊಣ ಸಹ ಕುಳಿತಿಲ್ಲ ಎಂದು ಆಣೆ ಮಾಡಿದೆ. ಪಕ್ಕದ ಮನೆಯ ಕಾಕೂಗೆ ಎರಡು ಹಣ್ಣು ಕೊಡಲು ಹೋದರೆ, ಅವರು ಮರಾಠಿಯಲ್ಲಿ ದೇವರನ್ನು ನೆನೆದು ಬಾಗಿಲು ಹಾಕಿಕೊಂಡರು.

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮೊಣಕಾಲು ನೋವಿನಿಂದ ಮಾಳಿಗೆ ಹತ್ತುತ್ತಿರಲಿಲ್ಲ. ಕೆಳಗೆ ಕುಳಿತೇ ತೀರ್ಪು ಕೊಟ್ಟಳು.

“ಅದರಾಗ ಅಮೃತ ಬೆಳದರೂ ನಾ ಮುಟ್ಟಂಗಿಲ್ಲ.”

ನಾನು ಕಮೋಡನ್ನು ನೀರಿನ ಟ್ಯಾಂಕಿನ ಹಿಂದೆ ಸರಿಸಿದೆ. ಆ ಕಡೆ ಯಾರೂ ಬರುವುದನ್ನೇ ಬಿಟ್ಟರು. ಈ ವರ್ಷ ಜೂನಿನ ಮಿರಗದ ಮಳೆಗೆ ಅದರಲ್ಲಿ ತಾನಾಗಿಯೇ ಒಂದು ಬಳ್ಳಿ ಎದ್ದಿತು. ನಾನು ಬಿತ್ತಿರಲಿಲ್ಲ. ಆದರೂ ವಿಡಿಯೊದಲ್ಲಿ, ಇದು ನಾನು ವಿಶೇಷ ಪದ್ಧತಿಯಿಂದ ಬೆಳೆಸಿದ ಕುಂಬಳ ಎಂದು ಹೇಳಿಬಿಟ್ಟೆ. ಎಲೆ ಅಗಲ ಇದ್ದವು, ಕುಂಬಳ ಇರಬಹುದು ಎನಿಸಿತು. ಬಳ್ಳಿಯನ್ನು ಮಾತ್ರ ಪಾಸ್‌ಪೋರ್ಟ್ ಫೋಟೋದಂತೆ ಎದೆಯಿಂದ ಮೇಲಕ್ಕೆ ತೋರಿಸುತ್ತಿದ್ದೆ. ಕೆಳಗೆ ಏನಿದೆ ಎಂಬುದು ನನಗೂ ಟ್ಯಾಂಕಿಗೂ ಮಾತ್ರ ಗೊತ್ತಿತ್ತು.

ನಾನು ಮಾಡಿದ ಘಾತ ಅದೇ ಮಳೆಗಾಲದ್ದು. ಬದನೆ ಗಿಡಕ್ಕೆ ಹೇನು ಬಿದ್ದಿತ್ತು. ಅದಕ್ಕೆ ಬೂದಿ ಉದುರಿಸಬೇಕು. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಹಿತ್ತಲಿನ ಗೋಡೆಗೆ, ಸೂರಿನ ಕೆಳಗೆ, ಐದು ಕುಳ್ಳು ಅಂಟಿದ್ದವು. ಹೋದ ವರ್ಷದ ಸಗಣಿಯವು, ಹಪ್ಪಳದಂತೆ ಒಣಗಿದ್ದವು. ಕಿತ್ತೆ, ಒಟ್ಟಿದೆ, ಬೆಂಕಿ ಹಚ್ಚಿದೆ, ವಿಡಿಯೊ ಮಾಡಿದೆ. ಅವ್ವನ ಚಹಾ ಸೋಸುವ ಜಾಳಿಗೆಯಲ್ಲಿ ಬೂದಿ ಸೋಸಿ ಎಲೆಗಳಿಗೆ ಪೌಡರ್ ಬಳಿದೆ. ಹೇನು ಹೋಯಿತು. ನನ್ನ ಕೀರ್ತಿ ಬೆಳೆಯಿತು.

ಅಕ್ಕ ಆಗ ತವರಿನಲ್ಲಿದ್ದಳು. ಬೇಸಿಗೆಯಲ್ಲಿ ಸಂಕೇಶ್ವರಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು, ಮೊದಲ ಆಷಾಢಕ್ಕೆ ಬಂದಿದ್ದಳು, ಶ್ರಾವಣ ಹುಟ್ಟಿದ ಕೂಡಲೇ ಹೊರಡುವವಳು. ಒಂದು ಮಧ್ಯಾಹ್ನ ಆಯಿ ಅವಳನ್ನು ಮುಂದೆ ಕೂರಿಸಿಕೊಂಡು ತನ್ನ ಕತೆ ಹೇಳುತ್ತಿದ್ದಳು. ಪಕ್ಕದಲ್ಲಿ ನಾನು ಚಹಾ ಕುಡಿಯುತ್ತಿದ್ದೆ. ತುಕ್ಕಾನಟ್ಟಿಯಿಂದ ಆಯಿ ಮದುವೆಯಾಗಿ ಬಂದಾಗ ಅವಳ ಅವ್ವ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆಗೆ ಐದು ಹೀರೇಬೀಜ ಹಾಕಿದ್ದಳಂತೆ. ಹೊಸ ಮನೆಯಲ್ಲಿ ಆಯಿ ಮಾಡಿದ್ದಕ್ಕೆಲ್ಲ ಹೆಸರಿಡುತ್ತಿದ್ದ ಅತ್ತೆ, ಆ ಹೀರೇಕಾಯಿಯ ಸಿಪ್ಪೆಯ ಚಟ್ನಿ ತಿಂದ ದಿನ ಮಾತ್ರ ಎರಡನೇ ರೊಟ್ಟಿ ಕೇಳಿದಳಂತೆ. ಅಂದಿನಿಂದ ನಮ್ಮ ಹಿತ್ತಲಿನಲ್ಲಿ ಆ ಬಳ್ಳಿ ತಪ್ಪಿರಲಿಲ್ಲ. ಹೋದ ವರ್ಷದ ಕಾಯಿ ಮುಗಿದ ಮೇಲೆ ಬಚ್ಚಲು ಕಟ್ಟಿ ಬಳ್ಳಿಯ ಜಾಗ ಹೋಗಿತ್ತು. ತುಕ್ಕಾನಟ್ಟಿಯಲ್ಲೋ ಈಗ ಕಬ್ಬು ಮನೆಯ ಗೋಡೆಗೇ ಬಂದು ತಾಗಿದೆ, ಅವರು ಹೀರೇಕಾಯಿಯನ್ನು ಸಂತೆಯಲ್ಲಿ ಕೊಳ್ಳುತ್ತಾರೆ. ಅದಕ್ಕೆ ಆಯಿ ಹಳೆಯ ಪದ್ಧತಿಯಂತೆ ಬೀಜಗಳನ್ನೆಲ್ಲ ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದಿದ್ದಳು. ಸಗಣಿಯಲ್ಲಿಟ್ಟ ಬೀಜಕ್ಕೆ ಹುಳ ಬೀಳುವುದಿಲ್ಲ, ಇಲಿ ಮುಟ್ಟುವುದಿಲ್ಲ.

“ನಿನ್ನ ಉಡ್ಯಾಗ ಅವನ್ನ ಹಾಕ್ತೇನಿ,” ಎಂದಳು ಆಯಿ. “ನನ್ನ ತವರಮನಿ ಈಗ ಆ ಗ್ವಾಡಿ ಮ್ಯಾಲಿನ ಐದ ಕುಳ್ಳಿನ್ಯಾಗ ಐತಿ ನೋಡವ್ವ.”

ಚಹಾ ನನ್ನ ಮೂಗಿನಿಂದ ಬಂತು. ಒಂದು ಹೊಳ್ಳೆಯಿಂದ ಹಾಲು, ಇನ್ನೊಂದರಿಂದ ಡಿಕಾಕ್ಷನ್ ಬೇರೆ ಬೇರೆ ಬಂದವು ಎಂದರೂ ತಪ್ಪಿಲ್ಲ.

ಅವತ್ತೇ ಸಂಜೆ ಓಣಿಯ ಕೊನೆಯ ಎಮ್ಮೆಯವರ ಮನೆಯಿಂದ ಐದು ಕುಳ್ಳು ತಂದು, ಹಸಿ ಸಗಣಿ ಹಚ್ಚಿ, ಅದೇ ಜಾಗದಲ್ಲಿ ಅಂಟಿಸಿದೆ. ದೂರದಿಂದ ನೋಡಿದರೆ ಗೋಡೆ ಗೋಡೆಯಂತೆಯೇ ಇತ್ತು. ಆದರೆ ಅಕ್ಕ ಮೊಬೈಲಿನಲ್ಲಿ ನನ್ನ ಬೂದಿಯ ವಿಡಿಯೊ ನೋಡುತ್ತಾ ಕುಳಿತಿದ್ದಳು. ನಾನು ಅದರಲ್ಲಿ ಬೂದಿಯ ಮಹಿಮೆ ಹೇಳುತ್ತಿದ್ದೆ. ಹಿಂದಿನಿಂದ ಪಟ್, ಪಟ್, ಪಟ್ ಎಂದು ಸಪ್ಪಳ. ಅವಳು ಮೂರು ಸಲ ಹಿಂದಕ್ಕೆ ಹಾಕಿ ಕೇಳಿ ನನ್ನ ಕಡೆ ತಿರುಗಿದಳು.

“ಕುಳ್ಳ ಯಾವಾಗಿಂದ ಪಟಾಕಿ ಹಾರಿಸಾಕತ್ತಾವೊ?”

ನಾನು ಮಾಳಿಗೆಯ ಕಡೆ ನೋಡಿದೆ. ಅವಳು ಸಂಕೇಶ್ವರಕ್ಕೆ ಹೊರಡಲು ಇನ್ನು ಎಂಟು ದಿನ. ಅಷ್ಟರೊಳಗೆ ನಾನೇ ಆಯಿಗೆ ಹೇಳಬೇಕು, ಇಲ್ಲದಿದ್ದರೆ ತಾನು ಹೇಳುತ್ತೇನೆ ಎಂದಳು. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ಜಗಳಾಡಿ ಗೆಲ್ಲುತ್ತಿದ್ದೆ. ಇರಲಿಲ್ಲ. ಹೊಸ ಮನೆಗೆ ಆ ಐದು ಬೀಜ ಒಯ್ಯಬೇಕೆಂದು ಅವಳಿಗೂ ಆಸೆ ಇತ್ತು. ಅಲ್ಲಿ ಅವಳ ಅತ್ತೆ ಇನ್ನೂ ಎರಡನೇ ರೊಟ್ಟಿ ಕೇಳಿರಲಿಲ್ಲ.

ಹೇಳುವುದು ಬಿಟ್ಟು ನಾನು ಹುಕ್ಕೇರಿಯ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಅತ್ತೆ ಇದ್ದಾಳೆ, ಆಯಿಯ ಮಗಳು. ಅವಳ ಮದುವೆಯಲ್ಲಿಯೂ ಆಯಿ ಉಡಿಯಲ್ಲಿ ಅದೇ ಬೀಜ ಹಾಕಿದ್ದಳು. ಪ್ರತಿ ವರ್ಷ ಪಂಚಮಿಗೆ ಬರುವಾಗ ಅತ್ತೆ ಒಂದು ಚೀಲ ಹೀರೇಕಾಯಿ ತಂದು, ನಿನ್ನ ಬಳ್ಳಿಯದು ಅವ್ವ ಎಂದು ಆಯಿಯ ಮುಂದೆ ಸುರಿಯುತ್ತಿದ್ದಳು. ಎರಡು ಬೀಜ ಕೇಳಿ ತಂದರೆ ನನ್ನ ಕೆಲಸ ಮುಗಿಯಿತು.

ಅತ್ತೆಯ ಹಿತ್ತಲಿಗೆ ಹೋಗಿ ನೋಡಿದರೆ ಗೋಡೆಯಿಂದ ಗೋಡೆಯವರೆಗೆ ಫರಸಿ ಕಲ್ಲಿನ ಹಾಸು. ಮಣ್ಣು ಎಂಬುದು ಅವರ ಚಪ್ಪಲಿಗೂ ಅಂಟಿರಲಿಲ್ಲ. ಇದ್ದ ಒಂದೇ ಹಸಿರು, ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ ಮನಿಪ್ಲಾಂಟು.

“ಅತ್ತಿ, ಹೀರಿಬಳ್ಳಿ ಎಲ್ಲೈತಿ?”

ಅತ್ತೆ ಮೊದಲು ಬಾಗಿಲು ಹಾಕಿದಳು. ಆಮೇಲೆ ನನ್ನ ಮುಂದೆ ಚುರುಮುರಿ ಇಟ್ಟಳು. ಚುರುಮುರಿಗೆ ಶೇಂಗಾ ಜಾಸ್ತಿ ಬಿದ್ದಾಗಲೇ ನನಗೆ ಸಂಶಯ ಬಂತು.

“ಅವ್ವಗ ಹೇಳಬ್ಯಾಡಪಾ. ಆ ಬಳ್ಳಿ ಹೋಗಿ ಎಷ್ಟ ವರ್ಷ ಆತೊ.”

“ಮತ್ತ ವರ್ಷಾ ತರತೀಯಲ್ಲ?”

“ಸಂಕೇಶ್ವರದ ಸಂತಿದು. ಖರೆ ಅಂದರ, ಡೊಂಕ ಇದ್ದದ್ದ ಆರಿಸಿ ತರತೇನಿ. ಮನೀದ ಕಂಡಂಗ ಕಾಣಬೇಕಲ್ಲ.”

ನಾನು ಇಷ್ಟು ವರ್ಷ ಸುಳ್ಳಿನಲ್ಲಿ ನನಗೆ ಸಮ ಯಾರೂ ಇಲ್ಲ ಎಂದುಕೊಂಡಿದ್ದೆ. ಗುರು ಹುಕ್ಕೇರಿಯಲ್ಲಿದ್ದದ್ದು ಗೊತ್ತಿರಲಿಲ್ಲ. ಉಪಾಯವನ್ನೂ ಅವಳೇ ಕೊಟ್ಟಳು. ಅಂಗಡಿಯಲ್ಲಿ ಹೀರೇಬೀಜದ ಪಾಕೀಟು ಸಿಗುತ್ತದೆ, ಸಗಣಿಯಲ್ಲಿ ಒತ್ತಿಡು, ಬೀಜಕ್ಕೇನು ಆಧಾರ್ ಕಾರ್ಡ್ ಇರುತ್ತದೆಯೇ ಎಂದಳು.

ಪಾಕೀಟಿನ ಬೀಜ ಗುಲಾಬಿ ಬಣ್ಣದ್ದಿತ್ತು. ಔಷಧಿ ಬಳಿದಿರುತ್ತಾರೆ. ಹಳೆಯ ಟೂತ್‌ಬ್ರಶ್ ಹಿಡಿದು ಒಂದೊಂದು ಬೀಜಕ್ಕೂ ಹಲ್ಲುಜ್ಜಿದೆ. ಕರ್ರಗಾದವು. ಹಸಿ ಸಗಣಿಯ ಒಂದು ಕುಳ್ಳು ತಟ್ಟಿ ಬೀಜ ಒಳಗೆ ಸೇರಿಸಿದೆ. ಆದರೆ ಜಿಟಿಜಿಟಿ ಮಳೆ, ಕುಳ್ಳು ಒಣಗಲೊಲ್ಲದು. ಮೂರನೇ ದಿನವೂ ಪಾಯಸದಂತಿತ್ತು. ಕೊನೆಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಅಕ್ಕನ ಕೂದಲು ಒಣಗಿಸುವ ಯಂತ್ರವನ್ನು ಅದಕ್ಕೆ ಹಿಡಿದೆ. ಗಂಡನ ಮನೆಯವರು ಕೊಟ್ಟ ಯಂತ್ರ ಅದು. ಹೊರಗೆ ಅವ್ವ, ಒಳಗೆ ಹಿಟ್ಟಿನ ಗಿರಣಿ ನಡೆಸಿದ್ದೀಯಾ ಎಂದು ಕೇಳಿದಳು. ನನ್ನ ತಲೆ ಒಣಗಿಸುತ್ತಿದ್ದೇನೆ ಎಂದೆ. ಮರುದಿನ ಅಕ್ಕ ಸ್ನಾನ ಮಾಡಿ ಬಂದು ಯಂತ್ರ ಹಚ್ಚಿದಳು. ಮನೆ ಮಂದಿಯೆಲ್ಲ ಮೂಗು ಮುಚ್ಚಿಕೊಂಡರು.

“ನನ್ನ ತಲಿ ಯಾಕ ದನದ ಕೊಟಗಿ ವಾಸನಿ ಹೊಡ್ಯಾಕತ್ತೈತಿ?” ಎಂದಳು ಅಕ್ಕ, ನನ್ನನ್ನೇ ನೋಡುತ್ತಾ.

ಅವಳು ಹೊರಡುವ ಹಿಂದಿನ ದಿನ ಆಯಿ ಒಂದು ಕುಳ್ಳು ಕಿತ್ತು ತಾ ಎಂದಳು. ನಾನು ಓಡಿಹೋಗಿ ನನ್ನ ಕುಳ್ಳು ತಂದು ಕೈಗಿಟ್ಟೆ. ಆಯಿ ಅದನ್ನು ಎರಡು ಹೋಳು ಮಾಡಿದಳು. ಮೇಲೆ ಒಣಗಿದ್ದರೂ ಒಳಗೆ ಹಸಿ ಇತ್ತು. ಬೀಜಗಳನ್ನು ಬೆರಳಿನಿಂದ ಬಿಡಿಸಿ ಅಂಗೈಯಲ್ಲಿ ಹರವಿದಳು.

“ಒಂದೊಂದ ಕುಳ್ಳಿನ್ಯಾಗ ನಾ ಐದೈದ ಇಟ್ಟಿದ್ದೆ. ಇವು ಎಂಟ ಅದಾವು.”

ಒಂದು ಬೀಜದ ಅಂಚಿನಲ್ಲಿ ಸ್ವಲ್ಪ ಗುಲಾಬಿ ಬಣ್ಣ ಉಳಿದಿತ್ತು. ಅದನ್ನೇ ಉಗುರಿನಿಂದ ಕೆರೆದು ನನಗೆ ತೋರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಬೂದಿ, ಬೆಂಕಿ, ಪಾಕೀಟು, ಟೂತ್‌ಬ್ರಶ್. ಅತ್ತೆಯ ಹೆಸರು ಮಾತ್ರ ತೆಗೆಯಲಿಲ್ಲ. ಅಷ್ಟು ಶೇಂಗಾ ತಿಂದಿದ್ದೆ.

ಬೈಯುತ್ತಾಳೆಂದು ಕಾದೆ. ನಮ್ಮ ಆಯಿಯ ಬೈಗುಳ ಮೇಲವಂಕಿ ಊರಿನವರೆಗೆ ಕೇಳುತ್ತದೆ. ಅವತ್ತು ಬೈಯಲಿಲ್ಲ.

“ಸುಟ್ಟದ್ದ ತಪ್ಪಲ್ಲಪಾ. ಕುಳ್ಳ ಇರೂದ ಸುಡಾಕ. ಆದರ ನಿಮ್ಮಕ್ಕನ ಉಡ್ಯಾಗ ಸುಳ್ಳ ಹಾಕಾಕ ಹೊಂಟಿದ್ದೆಲ್ಲ.”

ಎಂಟೂ ಬೀಜಗಳನ್ನು ನನ್ನ ಅಂಗೈಗೆ ಸುರಿದು ಮತ್ತೆ ಹೇಳಿದಳು.

“ಹುಕ್ಕೇರಿಗೆ ಹೋಗಿದ್ದೆಲ್ಲ. ಅಕಿ ತರೂ ಹೀರಿಕಾಯಿ ಸಂತಿವು ಅನ್ನೂದ ನನಗ ಗೊತ್ತಿಲ್ಲ ಅಂತ ತಿಳದೀಯೇನು? ಗೊತ್ತಿತ್ತು. ಅದಕ್ಕನ ಗ್ವಾಡಿ ನಂಬಿದ್ದೆ.”

ಮಾಳಿಗೆಗೆ ಹೋಗಿ ಟ್ಯಾಂಕಿನ ಹಿಂದೆ ಕುಳಿತೆ. ಸಂಜೆ ಚಹಾದ ಹೊತ್ತಾದರೂ ಇಳಿಯಲಿಲ್ಲ. ಅವ್ವ ಒಂದು ಸಲ ಕೂಗಿದಳು, ಅಕ್ಕ ಒಂದು ಸಲ ಕೂಗಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಉಸಿರು ಬಿಡುವ ಸಪ್ಪಳ ಕೇಳಿಸಿತು. ಎರಡು ವರ್ಷದಿಂದ ಮಾಳಿಗೆ ಕಾಣದ ಆಯಿ, ಮೂರು ಮೆಟ್ಟಿಲಿಗೊಮ್ಮೆ ಕುಳಿತು, ಎದ್ದು, ಮೊಣಕಾಲಿಗೆ ಬೈಯುತ್ತಾ ಮೇಲೆ ಬರುತ್ತಿದ್ದಳು. ನನಗೆ ಬೈಯಬೇಕಾದದ್ದೆಲ್ಲ ಮೊಣಕಾಲಿನ ಪಾಲಾಯಿತು.

“ಚಾ ಆರಾಕತ್ತೈತಿ. ಇಳೀತಿಯೊ ಇಲ್ಲೊ?” ಎಂದಳು. ಎಂದವಳು ಅಲ್ಲೇ ನಿಂತಳು.

ಟ್ಯಾಂಕಿನ ಮೇಲೆ ಹಬ್ಬಿದ್ದ ನನ್ನ ಕುಂಬಳದ ಬಳ್ಳಿಯಲ್ಲಿ ಒಂದು ಹಳದಿ ಹೂವು ಆಗಷ್ಟೇ ಬಿಚ್ಚುತ್ತಿತ್ತು. ಬೆಳಿಗ್ಗೆ ನೋಡಿದಾಗ ಮೊಗ್ಗಿತ್ತು. ಆಯಿ ಹತ್ತಿರ ಹೋಗಿ ಎಲೆಯನ್ನು ಹಿಂದೆ ಮುಂದೆ ತಿರುವಿದಳು, ಬಳ್ಳಿಯ ಗೆಣ್ಣು ಹಿಚುಕಿದಳು, ಬೆರಳು ಮೂಸಿದಳು.

“ಇದೇನು?”

“ಕುಂಬಳ, ಆಯಿ. ವಿಶೇಷ ಪದ್ಧತೀದು.”

“ಕುಂಬಳ ಹೂವ ನಸಿಕಿನ್ಯಾಗ ಅರಳತೈತೊ ಮಂಗ್ಯಾ. ದೀಪ ಹಚ್ಚೂ ಹೊತ್ತಿಗೆ ಅರಳೂದ ಹೀರಿ. ಇದು ನಂದ.”

ಹೇಗೆ ಬಂತು ಎಂಬುದನ್ನೂ ಅವಳೇ ಲೆಕ್ಕ ಹಾಕಿದಳು. ಬೀಜ ತೆಗೆದ ದಿನ ಮೊರದಲ್ಲಿ ಹಾಕಿ ಕೇರಿದಾಗ ಹಾರಿಹೋದ ಜೊಳ್ಳು ಬೀಜಗಳನ್ನು ಅವ್ವ ನನ್ನ ಸಿಪ್ಪೆಯ ಬಕೆಟ್ಟಿಗೆ ಹಾಕಿದ್ದಳು. ಅದರಲ್ಲೊಂದು ಜೊಳ್ಳಿರಲಿಲ್ಲ. ಆಯಿಯ ಕಣ್ಣು ತುಂಬಿದವು. ಬಳ್ಳಿಯನ್ನು ಮಗುವಿನ ಕೈ ಹಿಡಿದಂತೆ ಹಿಡಿದು, ಬುಡ ಎಲ್ಲಿದೆ ಎಂದು ಹುಡುಕುತ್ತಾ ಟ್ಯಾಂಕು ಸುತ್ತಿ ಹಿಂದೆ ಬಂದಳು. ನಾನು ಅಡ್ಡ ನಿಲ್ಲಲು ನೋಡಿದೆ. ನಾನು ತೆಳ್ಳಗಿದ್ದೇನೆ, ಕಮೋಡು ಅಗಲ ಇದೆ.

ಆಯಿ ಕಮೋಡನ್ನು ನೋಡಿದಳು. ಬಳ್ಳಿಯನ್ನು ನೋಡಿದಳು. ಮತ್ತೆ ಕಮೋಡನ್ನು ನೋಡಿದಳು. ತುಕ್ಕಾನಟ್ಟಿಯಿಂದ ಇಲ್ಲಿಯವರೆಗೆ ಬಂದ ವಂಶ ಎಲ್ಲಿ ಬೇರು ಬಿಟ್ಟಿದೆ ಎಂಬುದು ಪೂರ್ತಿ ಅರ್ಥವಾಗಲು ಅವಳಿಗೆ ಒಂದು ನಿಮಿಷ ಹಿಡಿಯಿತು.

“ಇದರ ಮ್ಯಾಲ ಖರೇನ ಯಾರೂ ಕುಂತಿಲ್ಲಲ್ಲ?”

“ನಿನ್ನಾಣಿ ಆಯಿ.”

“ನನ್ನ ಆಣಿ ಯಾಕ, ನಿಂದ ಹಾಕು.”

ಹಾಕಿದೆ. ಅವಳು ಕೆಳಗಿನಿಂದ ತನ್ನ ಒಂದು ಹಳೆಯ ಇಳಕಲ್ ಸೀರೆ ತರಿಸಿ, ಕಮೋಡಿಗೆ ಸುತ್ತ ಉಡಿಸಿದಳು. ಸೆರಗು ಮುಂದೆ ಬರುವಂತೆ ಸಿಗಿಸಿದಳು. ಆಮೇಲೆ ಬಳ್ಳಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದಳು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ತೆಗೆಯುತ್ತಿದ್ದ ಕಾಕೂ, ದೂರದಿಂದ ಯಾವ ದೇವಿಯೋ ತಿಳಿಯದೆ ತಾವೂ ಕೈಮುಗಿದರು. ಇದು ಖರೆ. ಇದಕ್ಕೆ ನಾನು ಏನೂ ಸೇರಿಸಿಲ್ಲ.

ಮರುದಿನ ಅಕ್ಕ ಬೀಜವಿಲ್ಲದ ಉಡಿಯಲ್ಲೇ ಹೊರಟಳು. ದಸರೆಗೆ ಬಾ, ಅಷ್ಟರಲ್ಲಿ ಕಾಯಿ ಒಣಗಿರುತ್ತದೆ ಎಂದು ಆಯಿ ಹೇಳಿ ಕಳಿಸಿದಳು. ಕಾಯಿ ಒಣಗುವವರೆಗೆ ನನಗೆ ಕಾವಲಿನ ಶಿಕ್ಷೆ. ಗಿಳಿ ಬರದಂತೆ ಅಪ್ಪನ ಹಾಡಿನ ಹಳೆಯ ಸಿಡಿಗಳನ್ನು ದಾರದಲ್ಲಿ ತೂಗಿಬಿಟ್ಟೆ. ಬಳ್ಳಿಯನ್ನು ಹಳೆಯ ಸೀರೆಯ ಅಂಚು ಹರಿದು ಕಟ್ಟಿದೆ, ದಾರದಂತೆ ಅದು ಕಾಂಡ ಕೊಯ್ಯುವುದಿಲ್ಲ. ಮೊದಲ ಕಾಯಿಗೆ ನೊಣ ಚುಚ್ಚಿ ಕೊಳೆಸಿದಾಗ ಅನ್ನ ಸೇರಲಿಲ್ಲ. ಎರಡನೆಯದಕ್ಕೆ ಬಟ್ಟೆಯ ಚೀಲ ಹಾಕೋಣವೆಂದರೆ ಅಷ್ಟು ಉದ್ದದ ಚೀಲ ಮನೆಯಲ್ಲಿರಲಿಲ್ಲ. ಅಕ್ಕ ಬಿಟ್ಟುಹೋದ ಲೆಗ್ಗಿನ್ಸಿನ ಒಂದು ಕಾಲು ಕತ್ತರಿಸಿ ತೊಡಿಸಿದೆ. ಸೀರೆ ಉಟ್ಟ ಕಮೋಡು, ಲೆಗ್ಗಿನ್ಸ್ ಹಾಕಿದ ಹೀರೇಕಾಯಿ. ಇಂಥ ವಿಡಿಯೊಕ್ಕೆ ಸಾವಿರ ಜನ ಸಿಗುತ್ತಿದ್ದರು. ಹಾಕಲಿಲ್ಲ. ಆಯಿ ಬೇಡ ಎಂದಿದ್ದಳು.

ದಸರೆಗೆ ಅಕ್ಕ ಬಂದಾಗ ಕಾಯಿ ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಆಯಿ ಬಿಡಿಸಿ, ಕೇರಿ, ಐದು ಬೀಜ ಅಕ್ಕನ ಉಡಿಯಲ್ಲಿ ಹಾಕಿದಳು. ಉಳಿದದ್ದನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದು, ಪ್ರತಿಯೊಂದು ಕುಳ್ಳಿನ ಮೇಲೂ ಸುಣ್ಣದಿಂದ ಒಂದು ದೊಡ್ಡ ಗೀಟು ಎಳೆದಳು. ನನ್ನಂಥ ತಜ್ಞರು ಇರುವ ಮನೆ ಇದು ಎಂದಳು. ಬಾಗಿಲಿನಲ್ಲಿ ಅಕ್ಕನ ಕಿವಿಯಲ್ಲಿಯೂ ಒಂದು ಮಾತು ಹೇಳಿದಳು. ಅದು ನನಗೂ ಕೇಳಿಸಿತು.

“ಬೀಗರ ಕೇಳಿದರ, ಬಿಳೇ ಕುಂಡ್ಯಾಗ ಬೆಳದದ್ದ ಅಂತ ಹೇಳು. ಸುಳ್ಳಲ್ಲ ಅದು.”

ಸಂಕೇಶ್ವರದಲ್ಲಿ ಬಳ್ಳಿ ಹಬ್ಬಿತು, ಕಾಯಿ ಬಿಟ್ಟಿತು, ಚಟ್ನಿಯೂ ಆಯಿತು. ಮೊನ್ನೆ ಅಕ್ಕನ ಅತ್ತೆ ತಾವೇ ಫೋನು ಮಾಡಿದರು. ಚಟ್ನಿಯನ್ನು ಹೊಗಳಿ ಹೊಗಳಿ ಸಾಕಾದ ಮೇಲೆ, ಮೂಲ ಬಳ್ಳಿ ಬೆಳೆಸಿದವನು ನೀನೇ ಅಂತೆ, ಅಂಥ ಬಿಳಿ ಕುಂಡ ನಮಗೂ ಒಂದು ಬೇಕು, ಅಂಗಳದಲ್ಲಿ ತುಳಸಿಯ ಪಕ್ಕ ಇಡುತ್ತೇವೆ, ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆಯಿ ಎದುರಿಗೆ ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಅದು ಈಗ ಸಿಗಂಗಿಲ್ರಿ,” ಎಂದೆ. “ಗೌಂಡಿ ಕೈತಪ್ಪಿ ಒಂದ ಆಗಿತ್ರಿ.”